ಕಾಣದುದೆಲ್ಲ ಕಳೆದುದಲ್ಲ

ಪ್ರವೇಶ: ಯಂತ್ರವು ಒಮ್ಮೊಮ್ಮೆ ಕೆಡುವುದು ಸಹಜ. ಆದರೆ ಆಗುವ ನಷ್ಟದ ಅಳತೆಯು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಆ ಗಳಿಗೆಯಲ್ಲಿ ಮನುಷ್ಯನು ನಡೆದುಕೊಳ್ಳುವ ರೀತಿಯನ್ನು ಅವಲಂಬಿಸಿದೆ. ಗಣಕಯಂತ್ರವು ತಾನಾಗಿಯೇ ನವೀಕರಣಗೊಂಡ ಮೇಲೆ ನಮ್ಮ ಕಡತಗಳೂ ಏರ್ಪಾಡುಗಳೂ ಕಾಣದೆ ಹೋದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಪಾಠದಲ್ಲಿ ವಿವರಿಸಿದೆ.

ಒಬ್ಬ ನಿವೃತ್ತ ಉಪಾಧ್ಯಾಯರ ಮನೆಯನ್ನು ಕಲ್ಪಿಸಿಕೊಳ್ಳೋಣ. ವೃತ್ತಿಯಲ್ಲಿದ್ದ ಕಾಲದಲ್ಲಿ ಅವರು ತಾವು ಕೆಲಸ ಮಾಡಿದ ಊರುಗಳ ಹಿರಿಯರಿಂದ ಗಾದೆ, ಒಗಟು, ಬೇಸಾಯದ ಮಾತು ಮೊದಲಾದುವನ್ನು ಕೇಳಿ ಬರೆದುಕೊಂಡಿದ್ದರು. ಆ ನೋಟುಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ತಿಂದಿತು. ಉಳಿದುದಾದರೂ ಉಳಿಯಲಿ ಎಂದು ಅವರು ಅರುವತ್ತೈದನೆಯ ವಯಸ್ಸಿನಲ್ಲಿ ಗಣಕಯಂತ್ರದಲ್ಲಿ ಕನ್ನಡ ಬೆರಳಚ್ಚನ್ನು ಕಲಿತರು. ದಿನಕ್ಕೆ ಒಂದೆರಡು ಪುಟದಂತೆ ನಾಲ್ಕು ವರ್ಷ ದುಡಿದು ಎಲ್ಲವನ್ನೂ ಯಂತ್ರಕ್ಕೆ ಏರಿಸಿದರು. ಬೆರಳಚ್ಚಾದ ಹಾಳೆಗಳನ್ನು ಗೆದ್ದಲಿನ ಭಯದಿಂದ ಸುಟ್ಟುಬಿಟ್ಟರು. ಆ ಮಾತುಗಳನ್ನು ಹೇಳಿದ ಹಿರಿಯರಲ್ಲಿ ಅನೇಕರು ಈಗ ಬದುಕಿಲ್ಲ. ಆದುದರಿಂದ ಆ ಸಂಗ್ರಹಕ್ಕೆ ಲೋಕದಲ್ಲಿ ಇದ್ದ ನೆಲೆ ಒಂದೇ ಒಂದು. ಅದು ಆ ಗಣಕಯಂತ್ರ.

ಒಂದು ಮುಂಜಾನೆ ಅವರು ಯಂತ್ರವನ್ನು ಚಾಲೂ ಮಾಡಿದಾಗ, ನವೀಕರಣ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ ಎಂಬ ಸೂಚನೆ ತೆರೆಯ ಮೇಲೆ ಬಂದಿತು. ಅರ್ಧ ಗಂಟೆಯ ಮೇಲೆ ತೆರೆ ಬೆಳಗಿತು. ಆದರೆ ಅದು ಅವರು ಬಲ್ಲ ತೆರೆಯಾಗಿರಲಿಲ್ಲ. ಮೊಮ್ಮಗಳ ಭಾವಚಿತ್ರವಿದ್ದ ಕಡೆ ಅಪರಿಚಿತವಾದ ಯಾವುದೋ ಚಿತ್ರವಿತ್ತು. ಕನ್ನಡದ ಕೀಲಿಮಣೆಯ ಏರ್ಪಾಡು ಕಾಣಲಿಲ್ಲ. ದೊಡ್ಡದು ಮಾಡಿಟ್ಟಿದ್ದ ಅಕ್ಷರಗಳು ಇರುವೆಯ ಸಾಲಿನಂತೆ ಚಿಕ್ಕವಾಗಿದ್ದುವು. ಕಡತಗಳಿದ್ದ ಜಾಗ ಬರಿದಾಗಿತ್ತು.

“ನಾಲ್ಕು ವರ್ಷದ ಕೆಲಸ ಹೋಯಿತಲ್ಲ ಮಗು” ಎಂದು ಅವರು ಕುರ್ಚಿಯಲ್ಲಿ ಕುಸಿದರು. ಸುದ್ದಿ ತಿಳಿದು ಬಂದ ನೆರೆಮನೆಯ ಯುವಕನು, “ಯಂತ್ರವನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿಬಿಡೋಣ ಮೇಷ್ಟ್ರೇ, ಒಂದು ಗಂಟೆಯ ಕೆಲಸ” ಎಂದನು. ಒಂಬತ್ತನೆಯ ತರಗತಿಯ ಮೊಮ್ಮಗಳು ಮಾತ್ರ ಅಡ್ಡ ಬಂದಳು. “ಅಣ್ಣ, ಈಗ ಏನನ್ನೂ ಅಳಿಸಬೇಡಿ. ಅಜ್ಜ, ಸ್ವಲ್ಪ ತಾಳಿ. ಹೋಗಿದೆಯೋ ಇಲ್ಲವೋ ಮೊದಲು ನೋಡೋಣ” ಎಂದಳು.

ಮೂವರಲ್ಲಿ ಯಾರ ಮಾತು ಸರಿ? ಅವರನ್ನು ಅಲ್ಲಿಯೇ ಬಿಟ್ಟು, ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

ಉಪಾಧ್ಯಾಯರ ಮನೆ ಕಲ್ಪನೆಯದಾದರೂ ಅಂಥ ಸಂಕಟವು ಕಲ್ಪನೆಯದಲ್ಲ. 2020ನೆಯ ಇಸವಿ ಫೆಬ್ರವರಿ 11ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ 1903 ಮತ್ತು 1909 ಎಂಬ ಆವೃತ್ತಿಗಳಿಗೆ ತನ್ನ ತಿಂಗಳ ನವೀಕರಣವನ್ನು ಬಿಡುಗಡೆ ಮಾಡಿತು. ಅದನ್ನು ಪಡೆದವರಲ್ಲಿ ಕೆಲವರು ಮರುದಿನ ಯಂತ್ರವನ್ನು ತೆರೆದಾಗ ತಮ್ಮ ತೆರೆಯ ಚಿತ್ರ, ಏರ್ಪಾಡುಗಳು, ಕಡತಗಳು ಎಲ್ಲವೂ ಮಾಯವಾಗಿರುವುದನ್ನು ಕಂಡು ದಿಗಿಲುಗೊಂಡರು. ಯಂತ್ರವು ಆಗತಾನೆ ಅಂಗಡಿಯಿಂದ ತಂದುದರಂತೆ ಕಾಣುತ್ತಿತ್ತು. ಆದರೆ ಹುಡುಕಿ ನೋಡಿದ ಅನೇಕರಿಗೆ ಅವರ ವಸ್ತುಗಳು ಅದೇ ಯಂತ್ರದಲ್ಲಿ, ಬೇರೊಂದು ಹೆಸರಿನ ಫೋಲ್ಡರಿನಲ್ಲಿ, ಇದ್ದಂತೆಯೇ ಸಿಕ್ಕಿದುವು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಇಲ್ಲಿ ಆದುದೂ ಹೆಚ್ಚು ಕಡಮೆ ಅದೇ.

ಇದು ಹೇಗೆ ಸಾಧ್ಯ? ಇದನ್ನು ತಿಳಿಯಬೇಕಾದರೆ ಗಣಕಯಂತ್ರವು ತನ್ನ ಬಳಕೆದಾರರನ್ನು ಹೇಗೆ ಗುರುತಿಟ್ಟುಕೊಳ್ಳುತ್ತದೆ ಎಂಬುದನ್ನು ಅರಿಯಬೇಕು. ಒಂದು ವಿದ್ಯಾರ್ಥಿನಿಲಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಕಟ್ಟಡ ಒಂದೇ, ಅದರಲ್ಲಿ ಕೊಠಡಿಗಳು ಹಲವು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕೊಠಡಿ. ಅವನ ಪುಸ್ತಕ, ಪೆಟ್ಟಿಗೆ, ಹಾಸಿಗೆ, ಗೋಡೆಯ ಚಿತ್ರ ಎಲ್ಲವೂ ಅಲ್ಲಿ ಅವನಿಗೆ ಬೇಕಾದ ರೀತಿಯಲ್ಲಿ ಇರುತ್ತವೆ. ಯಾರಿಗೆ ಯಾವ ಕೊಠಡಿ ಎಂಬುದು ನಿಲಯಪಾಲಕರ ದಾಖಲೆ ಪುಸ್ತಕದಲ್ಲಿ ಬರೆದಿರುತ್ತದೆ. ವಿದ್ಯಾರ್ಥಿಯು ಬಾಗಿಲಲ್ಲಿ ತನ್ನ ಹೆಸರನ್ನು ಹೇಳುತ್ತಾನೆ. ಪಾಲಕರು ಪುಸ್ತಕವನ್ನು ನೋಡಿ ಅವನ ಕೊಠಡಿಯನ್ನು ತೆರೆಸುತ್ತಾರೆ.

ಗಣಕಯಂತ್ರದ ಏರ್ಪಾಡೂ ಇಂಥದೇ. ಬಳಕೆದಾರನಿಗೆ ಮೀಸಲಾದ ಈ ಕೊಠಡಿಗೆ ಪ್ರೊಫೈಲ್ ಎಂದು ಹೆಸರು. ವಿಂಡೋಸ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರುವ ಯೂಸರ್ಸ್ ಎಂಬ ಫೋಲ್ಡರಿನೊಳಗೆ, ಬಳಕೆದಾರನ ಹೆಸರಿನಲ್ಲಿ ಇರುತ್ತದೆ. ಅದರೊಳಗೆ ಬರೆಹಗಳಿಗೆ ಒಂದು, ಚಿತ್ರಗಳಿಗೆ ಒಂದು, ತೆರೆಯ ಮೇಲಿಟ್ಟ ಕಡತಗಳಿಗೆ ಒಂದು ಎಂದು ಬೇರೆ ಬೇರೆ ಫೋಲ್ಡರುಗಳಿವೆ. ತೆರೆಯ ಚಿತ್ರ ಯಾವುದು, ಕೀಲಿಮಣೆಯ ಭಾಷೆಗಳು ಯಾವುವು ಎಂಬಂಥ ವೈಯಕ್ತಿಕ ಏರ್ಪಾಡುಗಳನ್ನು ಎನ್‌ಟಿಯೂಸರ್ ಎಂಬ ಹೆಸರಿನ ಒಂದು ಮರೆಯ ಕಡತದಲ್ಲಿ ಬರೆದಿಟ್ಟಿರುತ್ತದೆ. ಯಾವ ಬಳಕೆದಾರನ ಕೊಠಡಿ ಎಲ್ಲಿದೆ ಎಂಬ ವಿವರ ಮಾತ್ರ ಕೊಠಡಿಯಲ್ಲಿ ಇರುವುದಿಲ್ಲ. ಅದು ರಿಜಿಸ್ಟ್ರಿ ಎಂಬ, ಇಡೀ ಯಂತ್ರಕ್ಕೆ ಸೇರಿದ ದಾಖಲೆಯಲ್ಲಿ ಇರುತ್ತದೆ. ಇದೇ ನಿಲಯಪಾಲಕರ ಪುಸ್ತಕ.

ಈಗ ಹೀಗೆ ಊಹಿಸಿ. ನಿಲಯದಲ್ಲಿ ರಾತ್ರಿಯೆಲ್ಲ ದುರಸ್ತಿಯ ಕೆಲಸ ನಡೆದಿದೆ. ಬೆಳಗ್ಗೆ ವಿದ್ಯಾರ್ಥಿಯು ಬಂದಾಗ ಅವನ ಕೊಠಡಿಯ ಬೀಗ ತೆರೆಯುತ್ತಿಲ್ಲ. ಅಥವಾ ಪುಸ್ತಕದಲ್ಲಿ ಅವನ ಹೆಸರಿನ ಸಾಲು ಕೆಟ್ಟಿದೆ. ಪಾಲಕರು ಅವನನ್ನು ಬೀದಿಯಲ್ಲಿ ನಿಲ್ಲಿಸುವುದಿಲ್ಲ. ಅತಿಥಿಗಳ ಕೊಠಡಿಯನ್ನು ತೆರೆದು ಕೊಡುತ್ತಾರೆ. ಅಲ್ಲಿ ಮಂಚ ಉಂಟು, ಮೇಜು ಉಂಟು. ಅವನ ಪೆಟ್ಟಿಗೆ ಮಾತ್ರ ಇಲ್ಲ. ಗಣಕಯಂತ್ರವೂ ಹೀಗೆಯೇ ಮಾಡುತ್ತದೆ. ನವೀಕರಣವು ಅರ್ಧದಲ್ಲಿ ನಿಂತುದರಿಂದಲೋ, ವೈರಸ್ ತಡೆಯುವ ತಂತ್ರಾಂಶದಂಥ ಇನ್ನೊಂದು ತಂತ್ರಾಂಶವು ಅದೇ ಗಳಿಗೆಯಲ್ಲಿ ಏರ್ಪಾಡಿನ ಕಡತವನ್ನು ಹಿಡಿದಿಟ್ಟುಕೊಂಡುದರಿಂದಲೋ, ಬಳಕೆದಾರನ ಪ್ರೊಫೈಲನ್ನು ತೆರೆಯಲು ಆಗದಿದ್ದರೆ, ಅದು ತಾತ್ಕಾಲಿಕ ಪ್ರೊಫೈಲ್ ಒಂದನ್ನು ರಚಿಸಿ ಅವನನ್ನು ಒಳಕ್ಕೆ ಬಿಡುತ್ತದೆ. 2020ರಲ್ಲಿ ತೊಂದರೆಗೆ ಸಿಕ್ಕಿದವರು ನಿಂತಿದ್ದುದು ಇಂಥ ಅತಿಥಿ ಕೊಠಡಿಯಲ್ಲಿ. ಅವರ ನಿಜವಾದ ಕೊಠಡಿ ಮುಚ್ಚಿದ ಬಾಗಿಲಿನ ಹಿಂದೆ ಹಾಗೆಯೇ ಇತ್ತು.

ಇಲ್ಲಿ ಬಹಳ ಮುಖ್ಯವಾದ ಒಂದು ವಿಷಯವುಂಟು. ಅತಿಥಿಯು ಹೊರಟೊಡನೆ ಅವನ ಕೊಠಡಿಯನ್ನು ಗುಡಿಸಿಬಿಡುತ್ತಾರೆ. ಅಂತೆಯೇ ತಾತ್ಕಾಲಿಕ ಪ್ರೊಫೈಲಿನಿಂದ ಬಳಕೆದಾರನು ಹೊರಕ್ಕೆ ಬಂದೊಡನೆ ಅಲ್ಲಿ ಅವನು ಇಟ್ಟುದೆಲ್ಲವೂ ಅಳಿಸಿಹೋಗುತ್ತದೆ. ಹಳೆಯದು ಹೋಯಿತಲ್ಲ, ಹೊಸದಾಗಿ ಬರೆಯೋಣ ಎಂದು ಅಲ್ಲಿ ಕುಳಿತು ಒಂದು ದಿನ ದುಡಿದವನು ಆ ದಿನದ ದುಡಿಮೆಯನ್ನೂ ಕಳೆದುಕೊಳ್ಳುತ್ತಾನೆ. ಮೊದಲಿನದು ಯಂತ್ರದಿಂದ ಆದ ತೊಂದರೆ. ಎರಡನೆಯದು ಆತುರದಿಂದ ಆದ ನಷ್ಟ.

ಹಾಗಾದರೆ ಇಂಥ ಸಂದರ್ಭದಲ್ಲಿ ಏನು ಮಾಡಬೇಕು? ವೈದ್ಯನು ರೋಗಿಯನ್ನು ನೋಡಿದೊಡನೆ ಶಸ್ತ್ರಕ್ಕೆ ಕೈ ಹಾಕುವುದಿಲ್ಲ. ಮೊದಲು ಕೇಳುತ್ತಾನೆ, ಮುಟ್ಟಿ ನೋಡುತ್ತಾನೆ, ಆಮೇಲೆ ಔಷಧ ಕೊಡುತ್ತಾನೆ. ಇಲ್ಲಿಯೂ ಕ್ರಮ ಅದೇ.

ಮೊದಲ ಹೆಜ್ಜೆ ಅವಲೋಕನ. ಯಂತ್ರವು ತಾತ್ಕಾಲಿಕ ಪ್ರೊಫೈಲ್ ಎಂಬ ಸೂಚನೆಯನ್ನು ತೋರಿಸಿದೆಯೇ? ನಾವು ಒಳಕ್ಕೆ ಬಂದಿರುವುದು ನಮ್ಮ ಹೆಸರಿನಲ್ಲಿಯೇ, ಬೇರೆಯವರ ಹೆಸರಿನಲ್ಲಿಯೇ? ಎಲ್ಲ ಏರ್ಪಾಡುಗಳೂ ಹೋಗಿವೆಯೇ, ಯಾವುದೋ ಒಂದು ತಂತ್ರಾಂಶದವು ಮಾತ್ರ ಹೋಗಿವೆಯೇ? ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರವನ್ನೂ ಕಂಡ ಸೂಚನೆಯ ಮಾತುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ತಿಳಿದವರ ಸಹಾಯ ಬೇಕಾದಾಗ ಆ ಹಾಳೆಯೇ ಅವರಿಗೆ ದಾರಿ ತೋರಿಸುತ್ತದೆ.

ಎರಡನೆಯ ಹೆಜ್ಜೆ ಯಂತ್ರವನ್ನು ಕ್ರಮವಾಗಿ ಆರಿಸಿ ಮತ್ತೆ ಆರಂಭಿಸುವುದು. ಇದು ಸರಳವೆಂದು ತಾತ್ಸಾರ ಮಾಡಬಾರದು. ಕಡತವನ್ನು ಹಿಡಿದಿಟ್ಟುಕೊಂಡಿದ್ದ ತಂತ್ರಾಂಶವು ಅದನ್ನು ಬಿಟ್ಟುಕೊಟ್ಟಿದ್ದರೆ, ಮುಂದಿನ ಸಲ ನಿಜವಾದ ಕೊಠಡಿಯೇ ತೆರೆಯುತ್ತದೆ. 2020ರಲ್ಲಿಯೂ ಕೆಲವರಿಗೆ ಕೆಲವು ಸಲ ಯಂತ್ರವನ್ನು ಮರು ಆರಂಭಿಸಿದ ಮಾತ್ರಕ್ಕೆ ಎಲ್ಲವೂ ಮರಳಿ ಬಂದುವು.

ಮೂರನೆಯ ಹೆಜ್ಜೆ ಹುಡುಕುವುದು. ಯೂಸರ್ಸ್ ಫೋಲ್ಡರನ್ನು ತೆರೆದು ಅಲ್ಲಿರುವ ಹೆಸರುಗಳನ್ನು ಒಂದೊಂದಾಗಿ ನೋಡಬೇಕು. ನಮ್ಮ ಹೆಸರಿನ ಕೊನೆಗೆ ಒಂದು ಚುಕ್ಕಿಯೂ ಮೂರು ಸೊನ್ನೆಗಳೂ, ಇಲ್ಲವೇ ಬ್ಯಾಕ್ ಎಂಬುದರ ಗುರುತಾದ ಮೂರು ಅಕ್ಷರಗಳೂ ಸೇರಿಕೊಂಡಿರಬಹುದು. 2020ರಲ್ಲಿ ಅನೇಕರ ಪ್ರೊಫೈಲುಗಳು ಇಂಥ ಹೆಸರುಗಳಲ್ಲಿಯೇ ಸಿಕ್ಕಿದುವು. ಫೋಲ್ಡರಿನ ಗಾತ್ರವೂ ಅದರೊಳಗಿನ ಕಡತಗಳ ದಿನಾಂಕವೂ ಅದು ನಮ್ಮದೇ ಎಂಬುದಕ್ಕೆ ಸಾಕ್ಷಿ ನುಡಿಯುತ್ತವೆ. ಕಡತದ ಹೆಸರು ನೆನಪಿದ್ದರೆ ಯಂತ್ರದ ಶೋಧನ ಸೌಲಭ್ಯದಿಂದಲೂ ಹುಡುಕಬಹುದು.

ನಾಲ್ಕನೆಯ ಹೆಜ್ಜೆ ರಕ್ಷಣೆ. ಕಡತಗಳು ಕಣ್ಣಿಗೆ ಬಿದ್ದೊಡನೆ, ಬೇರಾವ ದುರಸ್ತಿಗೂ ಕೈ ಹಾಕುವ ಮೊದಲು, ಅವುಗಳ ಪ್ರತಿಯನ್ನು ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ಮಾಡಿಕೊಳ್ಳಬೇಕು. ಇಲ್ಲಿ ಕತ್ತರಿಸಿ ಅಂಟಿಸಬಾರದು, ಪ್ರತಿಯನ್ನೇ ಮಾಡಬೇಕು. ಮೂಲವು ಇದ್ದಲ್ಲಿಯೇ ಇರಲಿ.

ಇಷ್ಟಾದ ಮೇಲೆ ಐದನೆಯ ಹೆಜ್ಜೆ ಚಿಕಿತ್ಸೆ. ತೊಂದರೆಗೆ ಕಾರಣವಾದ ತಿಂಗಳ ನವೀಕರಣವನ್ನು ಯಂತ್ರದಿಂದ ತೆಗೆದುಹಾಕಲು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅವಕಾಶವಿದೆ. ಇಡೀ ಆವೃತ್ತಿಯೇ ಬದಲಾಗುವಂಥ ದೊಡ್ಡ ನವೀಕರಣವಾದರೆ, ಹಳೆಯ ಆವೃತ್ತಿಯನ್ನು ಅದು ಸಾಮಾನ್ಯವಾಗಿ 10 ದಿನಗಳವರೆಗೆ ಕಾಯ್ದಿಟ್ಟಿರುತ್ತದೆ. ಅಷ್ಟರೊಳಗೆ ಹಿಂದಕ್ಕೆ ಹೋಗಬಹುದು. ನಿಲಯಪಾಲಕರ ಪುಸ್ತಕದಲ್ಲಿ, ಅಂದರೆ ರಿಜಿಸ್ಟ್ರಿಯಲ್ಲಿ, ಕೆಟ್ಟ ಸಾಲನ್ನು ತಿದ್ದಿ ಸರಿಪಡಿಸುವ ಮಾರ್ಗವೂ ಉಂಟು. ಆದರೆ ಅಲ್ಲಿ ಒಂದು ತಪ್ಪು ತಿದ್ದುಪಡಿಯಿಂದ ಇಡೀ ಯಂತ್ರವೇ ನಿಂತುಹೋಗಬಹುದಾದುದರಿಂದ ಆ ಕೆಲಸವನ್ನು ಬಲ್ಲವರಿಗೇ ಬಿಡುವುದು ಲೇಸು. ಯಾವುದೂ ಫಲಿಸದಿದ್ದರೆ ಹೊಸ ಬಳಕೆದಾರನ ಹೆಸರನ್ನು ತೆರೆದು, ಪ್ರತಿ ಮಾಡಿಟ್ಟ ಕಡತಗಳನ್ನು ಅಲ್ಲಿ ಇರಿಸಿಕೊಳ್ಳಬಹುದು. ಏರ್ಪಾಡುಗಳನ್ನು ಮತ್ತೆ ಮಾಡಿಕೊಳ್ಳಬೇಕಾಗುತ್ತದೆ. ಅದು ಒಂದು ದಿನದ ಶ್ರಮ, ನಾಲ್ಕು ವರ್ಷದ್ದಲ್ಲ.

ಇಂಥ ತೊಂದರೆ ಇಡೀ ಯಂತ್ರಕ್ಕೇ ಆಗಬೇಕೆಂದಿಲ್ಲ. 2019ರ ಮೇ 21ರಂದು ಫೈರ್‌ಫಾಕ್ಸ್ ಎಂಬ ಜಾಲ ವೀಕ್ಷಕದ 67ನೆಯ ಆವೃತ್ತಿ ಬಂದಿತು. ಒಂದೇ ಯಂತ್ರದಲ್ಲಿ ಎರಡು ಮೂರು ಬಗೆಯ ಫೈರ್‌ಫಾಕ್ಸ್ ಇದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರೊಫೈಲ್ ಇರುವಂತೆ ಅದರಲ್ಲಿ ಮಾರ್ಪಾಡು ಮಾಡಿದ್ದರು. ಇದರ ಫಲವಾಗಿ ಕೆಲವರಿಗೆ ಹೊಸ, ಬರಿದಾದ ಪ್ರೊಫೈಲ್ ತೆರೆದುಕೊಂಡಿತು. ಅವರು ಗುರುತು ಹಾಕಿಟ್ಟಿದ್ದ ಪುಟಗಳು ಕಾಣಲಿಲ್ಲ. ಅಲ್ಲಿಯೂ ಹಳೆಯ ಪ್ರೊಫೈಲ್ ಅಳಿದಿರಲಿಲ್ಲ. ಅದನ್ನು ಆರಿಸಿಕೊಂಡರೆ ಎಲ್ಲವೂ ಮರಳುತ್ತಿತ್ತು.

ಇದನ್ನೆಲ್ಲ ಓದಿ, ಕಾಣದೆ ಹೋದುದು ಎಂದಿಗೂ ನಾಶವಾಗುವುದಿಲ್ಲ ಎಂದು ಯಾರೂ ತಿಳಿಯಬಾರದು. ನಿಜವಾಗಿಯೂ ಅಳಿದುಹೋದ ಸಂದರ್ಭಗಳೂ ಉಂಟು. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಒಂದು ದೊಡ್ಡ ನವೀಕರಣವನ್ನು ಹೊರತಂದಿತು. ಬಳಕೆದಾರರಲ್ಲಿ ಕೆಲವರು ತಮ್ಮ ಬರೆಹ, ಚಿತ್ರ ಮೊದಲಾದುವುಗಳ ಫೋಲ್ಡರನ್ನು ಮೂಲ ಸ್ಥಳದಿಂದ ಬೇರೆ ಡ್ರೈವ್‌ಗೆ ಬದಲಾಯಿಸಿಕೊಂಡಿದ್ದರು. ಆದರೆ ಹಳೆಯ ಸ್ಥಳದಲ್ಲಿ ಕೆಲವು ಕಡತಗಳನ್ನು ಹಾಗೆಯೇ ಉಳಿಸಿದ್ದರು. ಹಿಂದಿನ ಆವೃತ್ತಿಯಲ್ಲಿ ಇಂಥವರ ಯಂತ್ರಗಳಲ್ಲಿ ಒಂದೇ ಹೆಸರಿನ ಬರಿದಾದ ಫೋಲ್ಡರುಗಳು ಎರಡೆರಡು ಕಾಣಿಸುತ್ತಿದ್ದುವು. ಜನರು ಇದು ತೊಡಕೆಂದು ದೂರಿದರು. ಬರಿದಾದುದನ್ನು ತೆಗೆದುಹಾಕಲೆಂದು ಹೊಸ ನವೀಕರಣದಲ್ಲಿ ಒಂದು ಸೂಚನೆಯನ್ನು ಸೇರಿಸಿದರು. ಆ ಸೂಚನೆಯು ಹಳೆಯ ಫೋಲ್ಡರನ್ನು ಅದರೊಳಗಿನ ಕಡತಗಳ ಸಹಿತ ಅಳಿಸಿಬಿಟ್ಟಿತು. ಕಸವನ್ನು ಗುಡಿಸಲು ಬಂದ ಕೈ ಧಾನ್ಯವನ್ನೂ ಗುಡಿಸಿತು.

ಸಂಸ್ಥೆಯು ಕೆಲವೇ ದಿನಗಳಲ್ಲಿ ಆ ನವೀಕರಣವನ್ನು ತಡೆಹಿಡಿದು, ದೋಷವನ್ನು ತಿದ್ದಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ನವೀಕರಣ ಪಡೆದ ಯಂತ್ರಗಳಲ್ಲಿ ನೂರಕ್ಕೆ 0.01ರಷ್ಟರಿಂದ ಮಾತ್ರ ಕಡತ ನಷ್ಟದ ವರದಿ ಬಂದಿದೆ ಎಂದು ಅದು ತಿಳಿಸಿತು. ಹತ್ತು ಸಾವಿರಕ್ಕೆ ಒಂದು! ಲೆಕ್ಕದಲ್ಲಿ ಇದು ಅತ್ಯಲ್ಪ. ಆದರೆ ಹತ್ತು ಸಾವಿರದಲ್ಲಿ ಆ ಒಬ್ಬನಾದವನಿಗೆ ನಷ್ಟವು ನೂರಕ್ಕೆ ನೂರು. ಅದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಬಿಡುಗಡೆಗೆ ಮೊದಲೇ ಅದನ್ನು ಪರೀಕ್ಷಿಸಿದವರಲ್ಲಿ ಕೆಲವರು ತಮ್ಮ ಕಡತಗಳು ಅಳಿದುವೆಂದು ವರದಿ ಮಾಡಿದ್ದರು. ಸಾವಿರಾರು ಸಣ್ಣ ದೂರುಗಳ ನಡುವೆ ಆ ದೊಡ್ಡ ದೂರು ಯಾರ ಗಮನಕ್ಕೂ ಬರಲಿಲ್ಲ. ಆ ಮೇಲೆ ಸಂಸ್ಥೆಯು ದೂರು ಕೊಡುವವರು ತೊಂದರೆಯ ತೀವ್ರತೆಯನ್ನೂ ಸೂಚಿಸುವಂತೆ ಏರ್ಪಾಡು ಮಾಡಿತು. ಎಷ್ಟು ಜನ ಹೇಳಿದರು ಎಂಬುದರ ಜೊತೆಗೆ ಏನನ್ನು ಹೇಳಿದರು ಎಂಬುದನ್ನೂ ಕೇಳಬೇಕೆಂಬ ಪಾಠವನ್ನು ಅದು ಹೀಗೆ ಕಲಿತುಕೊಂಡಿತು.

ತೊಂದರೆಗೆ ಒಳಗಾದವರಿಗೆ ಸಂಸ್ಥೆಯು ಆಗ ಕೊಟ್ಟ ಸಲಹೆಯೂ ಗಮನಾರ್ಹವಾದುದು: ಯಂತ್ರವನ್ನು ಆದಷ್ಟು ಕಡಮೆ ಬಳಸಿ, ನಮ್ಮನ್ನು ಸಂಪರ್ಕಿಸಿ. ಬಳಸಬಾರದೇಕೆ? ಗ್ರಂಥಾಲಯದಲ್ಲಿ ಪುಸ್ತಕದ ಸೂಚಿಪತ್ರವನ್ನು ಹರಿದುಹಾಕಿದ ಮಾತ್ರಕ್ಕೆ ಪುಸ್ತಕವು ಕಪಾಟಿನಿಂದ ಮಾಯವಾಗುವುದಿಲ್ಲ. ಆದರೆ ಆ ಜಾಗವು ಖಾಲಿಯೆಂದು ಲೆಕ್ಕಕ್ಕೆ ಬರುವುದರಿಂದ, ಹೊಸ ಪುಸ್ತಕ ಬಂದಾಗ ಹಳೆಯದನ್ನು ತಳ್ಳಿ ಅಲ್ಲಿ ಅದನ್ನು ಇಡುತ್ತಾರೆ. ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗಲೂ ಮೊದಲು ಹೋಗುವುದು ಅದರ ಸೂಚಿಯ ನಮೂದು ಮಾತ್ರ. ಅದರ ಮೇಲೆ ಬೇರೊಂದನ್ನು ಬರೆಯುವವರೆಗೆ ಒಳಗಿನ ವಿಷಯವನ್ನು ತಕ್ಕ ತಂತ್ರಾಂಶದಿಂದ ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಇತ್ತೀಚಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಬ ಬಗೆಯ ಸಂಗ್ರಹದಲ್ಲಾದರೋ ಖಾಲಿಯಾದ ಜಾಗವನ್ನು ಯಂತ್ರವೇ ಬೇಗನೆ ಒರಸಿ ಸಿದ್ಧಪಡಿಸುವುದರಿಂದ ಆ ಸಾಧ್ಯತೆ ಬಹಳ ಕಡಮೆ. ಈಗ ನೆರೆಮನೆಯ ಯುವಕನ ಸಲಹೆಯನ್ನು ನೆನೆದುಕೊಳ್ಳಿ. ಪೂರ್ತಿ ಅಳಿಸಿ ಹೊಸದಾಗಿ ಹಾಕಿದ್ದರೆ, ಸುರಕ್ಷಿತವಾಗಿ ಇರಬಹುದಾಗಿದ್ದ ಸಂಗ್ರಹವು ಆ ಒಂದು ಗಂಟೆಯಲ್ಲಿ ನಿಜವಾಗಿಯೂ ನಾಶವಾಗುತ್ತಿತ್ತು. ಅವನ ಮನಸ್ಸು ಒಳ್ಳೆಯದೇ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದುದು ಇಂಥ ಗಳಿಗೆಗಾಗಿಯೇ.

ಇಷ್ಟೊಂದು ತೊಡಕಿದ್ದ ಮೇಲೆ ನವೀಕರಣವೇ ಬೇಡವೆಂದು ನಿಲ್ಲಿಸಿಬಿಡಬಾರದೇ ಎಂದು ನೀವು ಕೇಳಬಹುದು. ಅದೂ ಅಪಾಯವೇ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಲೋಕದಾದ್ಯಂತ ಹಬ್ಬಿತು. ಅದು ಕಡತಗಳನ್ನು ಗೂಢಲಿಪಿಗೆ ಮಾರ್ಪಡಿಸಿ, ಬಿಡಿಸಿಕೊಡಲು ಹಣವನ್ನು ಕೇಳುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಗಣಕಯಂತ್ರಗಳು ಅದಕ್ಕೆ ಸಿಕ್ಕಿದುವು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ಬಳಸಿಕೊಂಡ ದೋಷವನ್ನು ತಿದ್ದುವ ನವೀಕರಣವು ಸುಮಾರು ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಬಂದಿತ್ತು. ಅದನ್ನು ಹಾಕಿಕೊಂಡ ಯಂತ್ರಗಳಿಗೆ ಆ ದಾರಿಯಿಂದ ಬಾಧೆ ತಟ್ಟಲಿಲ್ಲ. ಮನೆಯನ್ನು ದುರಸ್ತಿ ಮಾಡಿಸುವಾಗ ಧೂಳು ಬೀಳುವುದೆಂದು ಹೆದರಿ ಸೋರುವ ಮಾಡಿನ ಕೆಳಗೆ ವಾಸಿಸುವುದು ಜಾಣತನವಲ್ಲ. ದುರಸ್ತಿಗೆ ಮೊದಲು ಬೆಲೆಬಾಳುವ ವಸ್ತುಗಳನ್ನು ಬೇರೆಡೆಗೆ ಸಾಗಿಸಿಡುವುದು ಜಾಣತನ. ವಿಂಡೋಸ್ 10ಕ್ಕೆ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಪ್ರೊಫೈಲಿನ ಏರ್ಪಾಡು ಅದರ ಮುಂದಿನ ಆವೃತ್ತಿಯಲ್ಲಿಯೂ ಇದೆ. ಆದುದರಿಂದ ಈ ಎಚ್ಚರಿಕೆಗಳು ಹಳೆಯವಾಗಿಲ್ಲ.

ಹಾಗೆ ಸಾಗಿಸಿಡುವುದಕ್ಕೆ ಬಲ್ಲವರು ಒಂದು ಸುಲಭವಾದ ಸೂತ್ರವನ್ನು ಹೇಳುತ್ತಾರೆ. ಬೆಲೆಬಾಳುವ ಕಡತಕ್ಕೆ ಒಟ್ಟು ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಂಗ್ರಹಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗೆ ಇರಬೇಕು. ಅಂತರಜಾಲದ ಸಂಗ್ರಹದೊಡನೆ ತಾನಾಗಿಯೇ ಹೊಂದಿಕೊಳ್ಳುವ ಫೋಲ್ಡರಿದ್ದರೆ ಸಾಕೆಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಅಂಥ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ ಎಂಬುದನ್ನು ಅವರು ಮರೆಯಬಾರದು. ಮಾಡಿಟ್ಟ ಪ್ರತಿಯನ್ನು ಆಗಾಗ ತೆರೆದು ನೋಡುವುದೂ ಅವಶ್ಯ. ತೆರೆಯದ ಪ್ರತಿಯು ಇದ್ದೂ ಇಲ್ಲದಂತೆ. ಇನ್ನು ಏರ್ಪಾಡುಗಳ ವಿಷಯ. ಕೀಲಿಮಣೆಯ ವಿನ್ಯಾಸ ಯಾವುದು, ಬಳಸುವ ಕನ್ನಡ ಅಕ್ಷರ ರೂಪಗಳು ಯಾವುವು, ಯಾವ ಯಾವ ತಂತ್ರಾಂಶಗಳನ್ನು ಹಾಕಿದೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಎಲ್ಲವೂ ಹೋದ ದಿನವೂ ಅರ್ಧ ದಿನದಲ್ಲಿ ಯಂತ್ರವು ಮೊದಲಿನಂತೆ ಆಗುತ್ತದೆ.

ಈಗ ಉಪಾಧ್ಯಾಯರ ಮನೆಗೆ ಮರಳೋಣ. ಮೊಮ್ಮಗಳು ಹಾಳೆಯೊಂದನ್ನು ತೆಗೆದುಕೊಂಡು ಕಂಡುದನ್ನೆಲ್ಲ ಬರೆದಳು. ಯಂತ್ರವನ್ನು ಎರಡು ಸಲ ಮರು ಆರಂಭಿಸಿದಳು, ಫಲವಾಗಲಿಲ್ಲ. ಅನಂತರ ಬಳಕೆದಾರರ ಫೋಲ್ಡರನ್ನು ತೆರೆದಳು. ಅಲ್ಲಿ ಅಜ್ಜನ ಹೆಸರಿನ ಮುಂದೆ ಚುಕ್ಕಿಯೂ ಮೂರು ಸೊನ್ನೆಗಳೂ ಇದ್ದ ಒಂದು ಫೋಲ್ಡರಿತ್ತು. ಅದನ್ನು ತೆರೆದಳು. ಗಾದೆ, ಒಗಟು, ಬೇಸಾಯ ಎಂದು ಒಂದರ ಕೆಳಗೊಂದು ಹೆಸರುಗಳು ಕಾಣಿಸಿದುವು. ಕೊನೆಯ ಕಡತದ ದಿನಾಂಕವು ಹಿಂದಿನ ರಾತ್ರಿಯದು.

“ಅಜ್ಜ, ಇದು ನಿಮ್ಮದೇ ಅಲ್ಲವೇ?” ಎಂದು ಕೇಳಿದಳು. ಅಜ್ಜ ಕನ್ನಡಕವನ್ನು ಒರಸಿಕೊಂಡು ಮೊದಲ ಸಾಲನ್ನು ಓದಿದರು, ಮಾತು ಹೊರಡಲಿಲ್ಲ. ಅವಳು ತೆರೆಯನ್ನು ಮುಚ್ಚಲಿಲ್ಲ, ಬೇರೇನನ್ನೂ ಮುಟ್ಟಲಿಲ್ಲ. ನೆರೆಮನೆಯ ಯುವಕನ ಕಡೆಗೆ ತಿರುಗಿ, “ಅಣ್ಣ, ನಿಮ್ಮ ಪೆನ್‌ಡ್ರೈವ್ ಇದ್ದರೆ ತಂದುಕೊಡುತ್ತೀರಾ?” ಎಂದಳು. ಅವನು ಓಡಿಹೋಗಿ ತಂದನು. ಪ್ರತಿ ಪೂರ್ಣವಾದ ಮೇಲೆಯೇ ಅವರು ದುರಸ್ತಿಯ ಮಾತನ್ನು ಎತ್ತಿದರು.

ಆ ವಾರದೊಳಗೆ ಸಂಗ್ರಹದ ಇನ್ನೊಂದು ಪ್ರತಿ ಮಗಳ ಊರಿಗೆ ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಮಾತು ತಮ್ಮ ಮಟ್ಟಿಗೆ ಕೆಡುವ ಮೊದಲೇ ನಿಜವಾಯಿತೆಂದು ಉಪಾಧ್ಯಾಯರು ನಕ್ಕರು. ಮರುದಿನ ಬೆಳಗ್ಗೆ ಅವರು ಎಂದಿನಂತೆ ಕುಳಿತು, ಬಿಟ್ಟಲ್ಲಿಂದ ಮುಂದಕ್ಕೆ ಒಂದು ಪುಟವನ್ನು ಬೆರಳಚ್ಚು ಮಾಡಿದರು.

ಪದಗಳ ಅರ್ಥ

ನವೀಕರಣ – ಹೊಸದಾಗಿಸುವುದು, ಅಪ್‌ಡೇಟ್
ಕಡತ – ದಾಖಲೆಯ ಕಟ್ಟು, ಫೈಲ್
ಏರ್ಪಾಡು – ವ್ಯವಸ್ಥೆ, ಸೆಟ್ಟಿಂಗ್
ತಂತ್ರಾಂಶ – ಗಣಕಯಂತ್ರವನ್ನು ನಡೆಸುವ ಸೂಚನೆಗಳ ಸಮೂಹ
ಅವಲೋಕನ – ಗಮನವಿಟ್ಟು ನೋಡುವುದು
ತಾತ್ಸಾರ – ಅಲಕ್ಷ್ಯ
ಗೂಢಲಿಪಿ – ಗುಟ್ಟಾದ ಬರೆವಣಿಗೆ
ಮಾಡು – ಮನೆಯ ಮೇಲ್ಛಾವಣಿ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಉಪಾಧ್ಯಾಯರು ಬೆರಳಚ್ಚಾದ ಹಾಳೆಗಳನ್ನು ಏಕೆ ಸುಟ್ಟರು?
2. ಪ್ರೊಫೈಲ್ ಎಂದರೇನು?
3. ತಾತ್ಕಾಲಿಕ ಪ್ರೊಫೈಲಿನಲ್ಲಿ ಇಟ್ಟ ಕಡತಗಳ ಗತಿ ಏನಾಗುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ವಿದ್ಯಾರ್ಥಿನಿಲಯದ ಉದಾಹರಣೆಯಿಂದ ಲೇಖಕರು ಏನನ್ನು ವಿವರಿಸಿದ್ದಾರೆ?
2. 2018ರ ನವೀಕರಣದಲ್ಲಿ ಕಡತಗಳು ಅಳಿಯಲು ಕಾರಣವೇನು?
3. ಕಡತ ಅಳಿದಾಗ ಯಂತ್ರವನ್ನು ಬಳಸಬಾರದೇಕೆ?

ಇ) ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. ಏರ್ಪಾಡುಗಳು ಕಾಣದೆ ಹೋದಾಗ ಅನುಸರಿಸಬೇಕಾದ ಐದು ಹೆಜ್ಜೆಗಳನ್ನು ವಿವರಿಸಿ.
2. ನವೀಕರಣವನ್ನು ನಿಲ್ಲಿಸುವುದು ಪರಿಹಾರವಲ್ಲ ಎಂಬುದನ್ನು ಸಮರ್ಥಿಸಿ.

ಈ) ಸಂದರ್ಭ ಸೂಚಿಸಿ ವಿವರಿಸಿ.
1. “ಅಣ್ಣ, ಈಗ ಏನನ್ನೂ ಅಳಿಸಬೇಡಿ.”
2. “ಕಸವನ್ನು ಗುಡಿಸಲು ಬಂದ ಕೈ ಧಾನ್ಯವನ್ನೂ ಗುಡಿಸಿತು.”

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ವಿದ್ಯಾರ್ಥಿ, ಒಮ್ಮೊಮ್ಮೆ, ಮನೆಯನ್ನು.

ಊ) ಮಾಡಿ ನೋಡಿ: ನಿಮ್ಮ ಮನೆಯಲ್ಲಿ ಒಂದೇ ಪ್ರತಿ ಇರುವ ಬೆಲೆಬಾಳುವ ಬರೆಹ, ಪತ್ರ ಅಥವಾ ಭಾವಚಿತ್ರಗಳ ಪಟ್ಟಿಯನ್ನು ಮಾಡಿ. ಹಿರಿಯರೊಡನೆ ಮಾತನಾಡಿ, ಅವುಗಳಿಗೆ ಇನ್ನೊಂದು ಪ್ರತಿಯನ್ನು ಮಾಡುವ ಬಗೆಯನ್ನು ಯೋಚಿಸಿ.